ಬೇಸಿಗೆ ಕಲಾ ಶಿಬಿರಕ್ಕೆ ‘ದುಡಿಮೆ’ ವಿಷಯ: ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಮಾಡುವುದು ಹೇಗೆ? (ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಕೆರೆಹೂಳು

ಏಪ್ರಿಲ್ ಮೂರನೇ ವಾರ ಶುರುಮಾಡಿ ಮೇ ಮಧ್ಯಕ್ಕೆ ಮುಗಿಸುವ 26 ದಿನಗಳ ಅಧ್ಯಯನ ಶಿಬಿರದ ಕರಡು ತಯಾರಾಗಿದೆ. ಚಿತ್ರ, ಶಿಲ್ಪ, ವಿಡಿಯೊ, ಪರ್ಫಾರ್ಮೆನ್ಸ್ ಎಲ್ಲ ಸೇರಿ 12 ಕಲಾವಿದರು. ವಿಷಯ: ಇವತ್ತಿನ ಕಲೆಯಲ್ಲಿ ದುಡಿಮೆ. ಬೆಳಿಗ್ಗೆ ಓದು ಮತ್ತು ಚರ್ಚೆ, ಮಧ್ಯಾಹ್ನ ಬಿಡುವು, ಸಂಜೆ ಕೆಲಸದ ಜಾಗಗಳ ಭೇಟಿ, ಕೊನೆಯ ವಾರ ಕೃತಿ. ತಂಗಲು ಚಿಕ್ಕಬಳ್ಳಾಪುರದಲ್ಲಿ ಒಂದು ಛತ್ರ ಸಿಗುತ್ತದೆ. ಒಟ್ಟು ಹಣ ₹6 ಲಕ್ಷ. ಪಟ್ಟಿಯಲ್ಲಿ ಶಿಡ್ಲಘಟ್ಟದ ರೇಷ್ಮೆ, ಮಾಲೂರಿನ ಇಟ್ಟಿಗೆ, ಕೆ.ಜಿ.ಎಫ್., ಶಿವಾರಪಟ್ಟಣದ ಕಲ್ಲು ಕೆತ್ತನೆ, ತುಮಕೂರಿನ ಬೀಡಿ, ಶ್ರೀನಿವಾಸಪುರದ ಮಾವಿನ ಮಂಡಿ ಇವೆ. ಯಾವುದು ಬಿಡಬೇಕು, ಯಾವುದು ಇಟ್ಟುಕೊಳ್ಳಬೇಕು, ದುಡ್ಡು ಹಂಚುವುದು ಹೇಗೆ? ‘ಒಳ್ಳೆಯ ಪ್ರಯತ್ನ’ ಅಂತ ಬರೆಯುವವರು ದಯವಿಟ್ಟು ಒಂದು ಲೆಕ್ಕವನ್ನಾದರೂ ಜೊತೆಗಿಡಿ.

ಹಾಜರಿಪುಸ್ತಕ

ಆರು ಜಾಗ ಜಾಸ್ತಿಯಾಯಿತು ಸಾರ್, ಮೂರು ಸಾಕು. ಆರಿಸುವಾಗ ಕಸುಬು ನೋಡಬೇಡಿ, ಕೂಲಿ ಹೇಗೆ ಲೆಕ್ಕವಾಗುತ್ತದೆ ಅಂತ ನೋಡಿ. ದಿನಗೂಲಿ ಒಂದು. ಸಾವಿರಕ್ಕೆ ಇಷ್ಟು, ಕಿಲೋಗೆ ಇಷ್ಟು ಅನ್ನುವ ಕೂಲಿ ಇನ್ನೊಂದು. ಮುಂಗಡ ತೆಗೆದುಕೊಂಡು ತೀರಿಸುವ ಕೂಲಿ ಮೂರನೆಯದು. ನಿಮ್ಮ ಕ್ಯಾಮೆರಾದಿಂದ, ನಿಮ್ಮ ಪ್ರಶ್ನೆಗಳಿಂದ ಆಗುವ ನಷ್ಟ ಈ ಮೂರರಲ್ಲೂ ಬೇರೆ ಬೇರೆ.

ಬೀಡಿ ತಗೊಳ್ಳಿ. ಎಂಟು ಗಂಟೆಯಲ್ಲಿ 800 ಸುತ್ತುವ ಹೆಂಗಸಿಗೆ ಗಂಟೆಗೆ 100 ಬಿತ್ತು. ನೀವು 20 ನಿಮಿಷ ಮಾತಾಡಿಸಿದರೆ 33 ಬೀಡಿ ಹೋಯಿತು, ಅಂದರೆ 25ರ ಒಂದು ಕಟ್ಟು ಮತ್ತು ಇನ್ನೊಂದಿಷ್ಟು. 12 ಜನ ಸರದಿಯಲ್ಲಿ ಹೋಗಿ ಅದೇ ಮನೆಯಲ್ಲಿ ಕುಳಿತರೆ ನಾಲ್ಕು ಗಂಟೆ, ಅರ್ಧ ದಿನದ ಸಂಪಾದನೆ. ಅದರ ಮೇಲೆ ನೆನೆಸಿಟ್ಟ ಎಲೆ ಒಣಗಿ ಸುತ್ತುವಾಗ ಸೀಳುತ್ತದೆ. ಸೀಳಿದ್ದನ್ನು ಗುತ್ತಿಗೆದಾರ ಪಕ್ಕಕ್ಕೆ ಹಾಕಿದರೆ ಅದಕ್ಕೆ ಕೂಲಿಯೇ ಇಲ್ಲ. ದಿನಗೂಲಿಯವರ ಹತ್ತಿರ ಇದೇ 20 ನಿಮಿಷ ಮಾಲೀಕನ ಗಂಟಿನಿಂದ ಹೋಗುತ್ತದೆ. ಎಣಿಸಿ ಕೊಡುವ ಕಡೆ ಮಾತ್ರ ಹೆಂಗಸಿನ ಗಂಟಿನಿಂದಲೇ ಹೋಗುತ್ತದೆ.

ಹಾಗಾಗಿ ಒಂದು ನಿಯಮ ಬರೆದಿಡಿ. ಯಾರನ್ನು ಎಷ್ಟೇ ಹೊತ್ತು ಮಾತಾಡಿಸಲಿ, ಕನಿಷ್ಠ ಅರ್ಧ ದಿನದ ಲೆಕ್ಕ. ಕಲಿಸಲು ಕರೆದರೆ ಪೂರ್ತಿ ದಿನದ ಎರಡರಷ್ಟು. ಹಣ ಮೊದಲು, ಮಾತು ಆಮೇಲೆ. ಕೊಡುವುದು ಕೆಲಸಗಾರರ ಕೈಗೇ. ಮೇಸ್ತ್ರಿ ಕೈಗೆ ಕೊಟ್ಟರೆ ತಲುಪುವ ಭರವಸೆಯಿಲ್ಲ. 2024-25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ₹349 ಇತ್ತು, ಅದನ್ನು ಅಳತೆಗೋಲು ಅಂತ ಹಿಡಿಯಬೇಡಿ. ಆ ಕಸುಬಿನಲ್ಲಿ ಒಳ್ಳೆಯ ದಿನ ಎಷ್ಟು ಹುಟ್ಟುತ್ತದೆ ಅಂತ ಮೊದಲು ವಿಚಾರಿಸಿ, ಅದರ ಮೇಲೆ ಹಾಕಿ.

ಬಿಚ್ಚಾಣಿಕೆ

ರೇಷ್ಮೆ ಇಟ್ಟುಕೊಳ್ಳಿ. ಆದರೆ ಸಂಜೆ ಭೇಟಿ ಅಂತ ಬರೆದಿದ್ದೀರಲ್ಲ, ಅದು ನಡೆಯುವುದಿಲ್ಲ. ಬಿಚ್ಚಾಣಿಕೆಯ, ಅಂದರೆ ರೇಷ್ಮೆಗೂಡಿನಿಂದ ಎಳೆ ತೆಗೆಯುವ ಕೆಲಸದ ಒಲೆ ಹೊತ್ತುವುದು ಬೆಳಗಿನ ಜಾವ. ಸಂಜೆ ಹೋದರೆ ತಣ್ಣಗಾದ ಬಾನಿ, ಗೂಡಿನೊಳಗೆ ಬೆಂದ ಹುಳುವಿನ (ಪ್ಯೂಪಾ) ವಾಸನೆ, ತೊಳೆದ ನೆಲ ಇಷ್ಟೇ ಸಿಗುತ್ತದೆ. 6 ಗಂಟೆಗೆ ಶೆಡ್ಡಿನಲ್ಲಿರಬೇಕು.

ರಾಮನಗರ ಬಿಟ್ಟರೆ ರಾಜ್ಯದಲ್ಲಿ ದೊಡ್ಡ ಗೂಡಿನ ಮಾರುಕಟ್ಟೆ ಶಿಡ್ಲಘಟ್ಟದ್ದು. ಕಲಾವಿದರು ಅಲ್ಲಿ ಕಲಿಯಬೇಕಾದ ಮೊದಲ ಸಂಗತಿ ಗಡುವು. ಹುಳು ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ತಟ್ಟೆ) ಹತ್ತಿದ ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ಹತ್ತನೇ ದಿನದ ಆಸುಪಾಸಿಗೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ, ತೂತಾದ ಗೂಡಿನಿಂದ ಉದ್ದ ಎಳೆ ಬರುವುದಿಲ್ಲ. ನಡುವಿನ ಆ ನಾಲ್ಕೈದು ದಿನದಲ್ಲೇ ಸಾಗಣೆ, ಹರಾಜು, ಬೇಯಿಸುವುದು, ಬಿಚ್ಚುವುದು ಎಲ್ಲ. ಬಿಸಿಲಿಗೆ ಗಡುವು ಇನ್ನೂ ಮುಂದಕ್ಕೆ ಬರುತ್ತದೆ. ಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸಿಟ್ಟುಕೊಳ್ಳುವ ಅನುಕೂಲ ಇದ್ದವರಿಗೆ ಮಾತ್ರ ಸ್ವಲ್ಪ ಉಸಿರಾಡಲು ಸಮಯ.

ಬೇಯಿಸುವುದರಲ್ಲಿ ಕೈಚಳಕ ಇದೆ. ಕುದಿಯುವ ಮಟ್ಟದ ನೀರಿನಲ್ಲಿ ಗೂಡಿನ ಅಂಟು ಸಡಿಲವಾಗಬೇಕು. ಕಡಿಮೆ ಬೆಂದರೆ ಎಳೆ ಮತ್ತೆ ಮತ್ತೆ ಕಡಿಯುತ್ತದೆ. ಜಾಸ್ತಿ ಬೆಂದರೆ ಎಳೆ ಉಂಡೆಯುಂಡೆಯಾಗಿ ಎದ್ದು ವೇಸ್ಟ್ ಹೆಚ್ಚುತ್ತದೆ. ಆದ್ದರಿಂದ ಗೂಡು ಬಾನಿಗೆ ಬಿದ್ದ ಮೇಲೆ ಬಿಚ್ಚುವವರನ್ನು ಮಾತಾಡಿಸಲೇಬಾರದು. ಒಂದು ಗೂಡಿನ ಎಳೆ ಮುಗಿದ ಕೂಡಲೇ ಇನ್ನೊಂದರ ತುದಿ ಹಚ್ಚಬೇಕು; ತಡವಾದರೆ ನೂಲು ಆ ಜಾಗದಲ್ಲಿ ಸಣ್ಣಗಾಗುತ್ತದೆ, ನೇಯುವಾಗ ಅಲ್ಲೇ ಕಡಿಯುತ್ತದೆ.

ಲೆಕ್ಕ ಕೇಳಿದಿರಿ. ಮಿಶ್ರತಳಿ (ನಾಡತಳಿ, ದ್ವಿತಳಿಗಳ ಬೆರಕೆ) ಗೂಡು ಒಂದರಲ್ಲಿ ಸುಮಾರು 600ರಿಂದ 800 ಮೀಟರ್ ಎಳೆ, ದ್ವಿತಳಿಯಲ್ಲಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಸಾವಿರದ ಹತ್ತಿರ ಅಥವಾ ಮೇಲೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಮಿಶ್ರತಳಿಯಾದರೆ ಏಳೆಂಟು ಕಿಲೋ ಗೂಡು ಬೇಕು, ದ್ವಿತಳಿಯಾದರೆ ಆರರ ಆಸುಪಾಸು. ಡೆನಿಯರ್ ಅಂದರೆ 9,000 ಮೀಟರ್ ನೂಲಿನ ಗ್ರಾಂ ತೂಕ. 20 ಡೆನಿಯರ್ ನೂಲು ಒಂದು ಕಿಲೋ ಅಂದರೆ 450 ಕಿ.ಮೀ. ಉದ್ದ, ಬೆಂಗಳೂರಿನಿಂದ ಹುಬ್ಬಳ್ಳಿ ದಾಟಿ ಹೋಗುವಷ್ಟು. ಅಷ್ಟುದ್ದವೂ ಬಿಸಿನೀರಿನಲ್ಲಿ ನೆಂದು ಬಿಳುಚಿಕೊಂಡ ಬೆರಳುಗಳ ಕೆಳಗೆ ಹಾದು ಬಂದಿರುತ್ತದೆ. ಗ್ಯಾಲರಿಯಲ್ಲಿ ರೇಷ್ಮೆ ದಾರ ತೂಗುಬಿಟ್ಟು ‘ಶ್ರಮದ ರೂಪಕ’ ಅನ್ನುವ ಮೊದಲು ಆ ಬೆರಳುಗಳ ಸಂದಿ ನೋಡಿ ಬರಲಿ.

ಮಸಿಕೆಂಡ

ಓದಿನ ಭಾಗಕ್ಕೆ ನನ್ನ ಸಲಹೆ: ಸಿದ್ಧಾಂತದ ಹೊತ್ತಗೆ ಕಡಿಮೆ ಮಾಡಿ, ನಾಲ್ಕು ಕೃತಿ ಹಿಡಿದು ಒಂದೊಂದಕ್ಕೆ ಎರಡು ದಿನ ಕೊಡಿ.

ಮೊದಲನೆಯದು ಕಲಾವಿದ ತೆಹ್ಚಿಂಗ್ ಶೇ ನ್ಯೂಯಾರ್ಕಿನಲ್ಲಿ 1980ರ ಏಪ್ರಿಲ್‌ನಿಂದ 1981ರ ಏಪ್ರಿಲ್‌ವರೆಗೆ ಮಾಡಿದ್ದು. ಗಂಟೆಗೊಮ್ಮೆ ಹಾಜರಿ ಯಂತ್ರಕ್ಕೆ ಕಾರ್ಡ್ ಒತ್ತಿ ಒಂದು ಫೋಟೊ, ಹೀಗೆ ಇಡೀ ವರ್ಷ. ಒತ್ತಬೇಕಿದ್ದದ್ದು 8,760 ಸಲ, ತಪ್ಪಿದ್ದು 133. ತಪ್ಪಿದ್ದನ್ನೂ ಕಾರಣ ಸಮೇತ ಬರೆದಿಟ್ಟರು, ನಿದ್ದೆಯಿಂದ ತಪ್ಪಿದ್ದೇ ಹೆಚ್ಚು. ಏನನ್ನೂ ತಯಾರಿಸದ ಕೆಲಸಗಾರ, ಹಾಜರಿ ಮಾತ್ರ ಪಕ್ಕಾ. ಇದನ್ನು ಶಿಬಿರದಲ್ಲಿ 24 ಗಂಟೆ ಮಾಡಿಸಿ. ಒಂದು ರಾತ್ರಿ ಸಾಕು, ಎರಡನೇ ರಾತ್ರಿ ಮಾಡಿಸಿದರೆ ಮರುದಿನದ ಬೆಳಗಿನ ಭೇಟಿ ಕೆಟ್ಟಂತೆ.

ಎರಡನೆಯದು ಮಿಯರ್ಲ್ ಲೇಡರ್‌ಮನ್ ಯೂಕಲೀಸ್. 1969ರಲ್ಲಿ ಅವರು ಬರೆದ ಪ್ರಣಾಳಿಕೆಯ ತಿರುಳು ಇಷ್ಟು: ಗುಡಿಸುವುದು, ಒರೆಸುವುದು, ಮಗು ನೋಡಿಕೊಳ್ಳುವುದು, ಅಂದರೆ ಇದ್ದದ್ದನ್ನು ಇದ್ದಂತೆ ಉಳಿಸುವ ಕೆಲಸವೂ ಕಲೆಯೇ. 1979–80ರಲ್ಲಿ ನ್ಯೂಯಾರ್ಕ್ ನಗರದ 8,500 ನೈರ್ಮಲ್ಯ ಕಾರ್ಮಿಕರ ಕೈಕುಲುಕಿ ಧನ್ಯವಾದ ಹೇಳಿದರು. ಅದೇ ಇಲಾಖೆಯಲ್ಲಿ 1977ರಿಂದ ಅವರೇ ‘ನಿವಾಸಿ ಕಲಾವಿದೆ’. ಸಂಬಳ? ಇಲ್ಲ. ಚರ್ಚೆಗೆ ಇದೊಂದೇ ಸಾಲು ಸಾಕು.

ಮೂರನೆಯದು ಹರೂನ್ ಫರೋಕಿ ಮತ್ತು ಆಂಟ್ಯೆ ಏಮನ್ 2011ರಿಂದ 15 ನಗರಗಳಲ್ಲಿ ನಡೆಸಿದ ವಿಡಿಯೊ ಕಾರ್ಯಾಗಾರಗಳು, ಬೆಂಗಳೂರೂ ಅವುಗಳಲ್ಲೊಂದು. ನಿಯಮ ಸರಳ: ವಿಷಯ ದುಡಿಮೆ, ಅವಧಿ ಒಂದರಿಂದ ಎರಡು ನಿಮಿಷ, ಒಂದೇ ಶಾಟ್, ಕತ್ತರಿ ಇಲ್ಲ. ಶಿಬಿರದ ವಿಡಿಯೊ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಇಲ್ಲ.

ನಾಲ್ಕನೆಯದು ಕಲಾವಿದ ಸ್ಯಾಂಟಿಯಾಗೊ ಸಿಯೆರಾ, ಕ್ಯೂಬಾದ ಹವಾನಾ, 1999. ಆರು ಮಂದಿಗೆ ತಲಾ 30 ಡಾಲರ್ ಕೊಟ್ಟು ಅವರ ಬೆನ್ನಿನ ಮೇಲೆ 250 ಸೆಂ.ಮೀ. ಉದ್ದದ ಒಂದೇ ಗೆರೆ ಹಚ್ಚೆ ಹಾಕಿಸಿದ್ದು. ಜಗಳ ಆಗುತ್ತದೆ, ಆಗಲಿ.

ನಮ್ಮ ಕಡೆಯದಕ್ಕೆ ರಾಮ್‌ಕಿಂಕರ್ ಬೈಜ್ ಶಾಂತಿನಿಕೇತನದಲ್ಲಿ 1956ರಲ್ಲಿ ಸಿಮೆಂಟು, ಜಲ್ಲಿಯಲ್ಲಿ ಮಾಡಿದ ಗಿರಣಿಗೆ ಓಡುವ ಹೆಂಗಸರ ಶಿಲ್ಪ ನೋಡಿ. ಪ್ರಭಾಕರ ಪಾಚಪುತೆ ಚಂದ್ರಪುರದ ಕಲ್ಲಿದ್ದಲು ಗಣಿಯ ಕುಟುಂಬದಿಂದ ಬಂದವರು, ಗೋಡೆ ತುಂಬ ಇದ್ದಿಲಿನಲ್ಲೇ ಬರೆಯುತ್ತಾರೆ. ಕೆ.ಜಿ.ಎಫ್.ಗೆ ಹೋಗುವ ಮುನ್ನ ಅವರ ಚಿತ್ರ ತೋರಿಸಿ.

ಹಾಜರಿಪುಸ್ತಕ

ಸಿಯೆರಾನ ಮೇಲೆ ಎರಡು ದಿನ ದಂಡ. ಬಡವರಿಗೆ ದುಡ್ಡು ಕೊಟ್ಟರೆ ಏನು ಬೇಕಾದರೂ ಮಾಡಿಸಬಹುದು ಅಂತ ತೋರಿಸಲು ಬಡವರಿಗೆ ದುಡ್ಡು ಕೊಟ್ಟು ಅದನ್ನೇ ಮಾಡಿಸಿದ. ಇದು ಕಲೆಯಿಲ್ಲದೆಯೂ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು.

ಮಸಿಕೆಂಡ

ಗೊತ್ತು ಅಣ್ಣ, ಆದರೆ ಗ್ಯಾಲರಿಯವರಿಗೆ ಗೊತ್ತಿಲ್ಲದಂತೆ ಇರುತ್ತಾರೆ. ಆ ಕೃತಿ ಉಪಯೋಗಕ್ಕೆ ಬರುವುದು ಶೀರ್ಷಿಕೆಯಲ್ಲಿ: ಎಷ್ಟು ಉದ್ದ, ಎಷ್ಟು ಜನ, ಕೂಲಿ ಕೊಟ್ಟದ್ದು ಎಲ್ಲ ಅಲ್ಲೇ ಬರೆದಿದ್ದಾನೆ. ಶಿಬಿರದ ಪ್ರತಿ ಕೃತಿಯ ಕೆಳಗೂ ‘ಎಷ್ಟು ಜನರ ಎಷ್ಟು ಗಂಟೆ, ಕೊಟ್ಟ ಕೂಲಿ ಎಷ್ಟು’ ಅಂತ ಬರೆಸಿ. ಸರಿ, ಒಂದು ದಿನ ಸಾಕು.

ಫೈವ್‌ಲೈಟ್ಸ್

ಯೂಕಲೀಸ್ ಕೈಕುಲುಕಿದ್ದನ್ನು ಇಲ್ಲಿ ಹಾಗೇ ನಕಲು ಮಾಡಿಸಬೇಡಿ. ಆ ಯೋಜನೆಯ ಹೆಸರಿನಲ್ಲೇ (‘ಟಚ್ ಸ್ಯಾನಿಟೇಷನ್’) ‘ಮುಟ್ಟುವುದು’ ಇದೆ. ನಮ್ಮಲ್ಲಿ ಆ ಪದದ ಭಾರವೇ ಬೇರೆ. ಕೈಯಿಂದ ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಇದೇ ಕೆ.ಜಿ.ಎಫ್.ನವರು. ಅವರ ಚಳವಳಿ ಕೇಳಿದ್ದು ಕೈಕುಲುಕು ಅಲ್ಲ. ಒಣ ಪಾಯಿಖಾನೆ ಒಡೆಯಿರಿ, ಬೇರೆ ಕೆಲಸ ಕೊಡಿ ಅಂತ. ಆ ಪದ್ಧತಿ ನಿಷೇಧಿಸಿದ 1993ರ ಕಾಯ್ದೆ ಸಾಲದೆ 2013ರಲ್ಲಿ ಇನ್ನೊಂದು ಬಂತು. ಈ ಎರಡು ಕಾಯ್ದೆಗಳನ್ನು ಪಕ್ಕಪಕ್ಕ ಇಟ್ಟು ಒಂದು ಬೆಳಿಗ್ಗೆ ಓದಿಸಿ, ಯೂಕಲೀಸ್ ಆಗ ಸರಿಯಾಗಿ ಅರ್ಥವಾಗುತ್ತಾರೆ.

ಕೆ.ಜಿ.ಎಫ್. ಬಗ್ಗೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ಶುರುಮಾಡಿತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿ ಆಳ. ಗಣಿಯೊಳಗೆ ಇಳಿಯುವ ಆಸೆ ಬಿಡಿ, ಒಳಗೆ ನೀರು ತುಂಬಿದೆ. ನೋಡಬೇಕಾದದ್ದು ಮೇಲೆಯೇ ಇದೆ: ಸಾಲುಮನೆಗಳ ಅಳತೆ, ಬೆಳಗಿನ ಬೆಂಗಳೂರು ರೈಲಿಗೆ ಮಾರಿಕುಪ್ಪಂನಲ್ಲಿ ಹತ್ತುವ ಜನ. ಗಣಿ ಮುಚ್ಚಿದ ಊರಿನ ದುಡಿಮೆ ಈಗ ಆ ರೈಲಿನಲ್ಲಿದೆ.

ಓದಿಗೆ ಒಂದು ಎಳೆ: 1930ರ ಮುಷ್ಕರ. ಗಣಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸುವ ವ್ಯವಸ್ಥೆಯ ವಿರುದ್ಧ ಎದ್ದದ್ದು ಅದು. ಇವತ್ತು ಕೆಲಸದ ಗೇಟಿನಲ್ಲಿ ಬಯೊಮೆಟ್ರಿಕ್‌ಗೆ ಬೆರಳು ಕೊಡುವವರಿಗೆ ಇದು ಹಳೇ ಕತೆ ಅನ್ನಿಸುವುದಿಲ್ಲ. ಶೇಯ ಹಾಜರಿ ಕಾರ್ಡಿನ ಜೊತೆಗೆ ಇದನ್ನು ಇಡಿ.

ಇನ್ನೊಂದು, ಖಂಡಿತ ಯಾರಾದರೂ ಕೇಳುತ್ತಾರೆ: ಸೈನೈಡ್ ದಿಬ್ಬದ ಮಣ್ಣು ತಂದು ಬಣ್ಣ ಮಾಡೋಣವೇ ಅಂತ. ಬೇಡ. ಅದು ಮಣ್ಣಲ್ಲ, ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಆರ್ಸೆನಿಕ್‌ನಂಥ ಲೋಹಗಳು ಅದರಲ್ಲಿವೆ. ಕಲ್ಲಿನ ನುಣ್ಣನೆ ಸಿಲಿಕಾ ಪುಡಿಯಂತೂ ಇದ್ದೇ ಇದೆ. ಅರೆಯುವಾಗ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಗಾಳಿ ಎದ್ದ ಮಧ್ಯಾಹ್ನ ದಿಬ್ಬದ ಮೇಲೆ ಫೋಟೊ ತೆಗೆಸಿಕೊಳ್ಳುವುದೂ ಬೇಡ. ಅದರ ಬುಡದಲ್ಲಿ ವಾಸಿಸುವವರಿಗೆ ಆಯ್ಕೆ ಇಲ್ಲ, ನಿಮಗೆ ಇದೆ.

ಕೆಂಪಿಟ್ಟಿಗೆ

ಮಾಲೂರು ಕಡೆ ಹೋಗುವುದಾದರೆ ಶಿಬಿರದ ಮೊದಲ ವಾರವೇ ಹೋಗಿ. ಇಟ್ಟಿಗೆ ಕೊಯ್ಯುವುದು, ಅಂದರೆ ಅಚ್ಚು ಹಾಕುವುದು, ಮಳೆ ಬರುವ ತನಕ. ಅಶ್ವಿನಿ, ಭರಣಿ ಮಳೆ ರೈತರಿಗೆ ಹಬ್ಬ, ಇಟ್ಟಿಗೆ ಸುಡುವ ಗೂಡಿನವರಿಗೆ ಸೂತಕ. ಹಸಿ ಇಟ್ಟಿಗೆ ಒಂದು ಜೋರು ಮಳೆಗೆ ಕರಗಿ ಮತ್ತೆ ಕೆಸರಾಗುತ್ತದೆ. ಕೊಯ್ದವರಿಗೆ ಸಾವಿರದ ಲೆಕ್ಕ, ಕರಗಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಗೂಡಿನಿಂದ ಗೂಡಿಗೆ ಬೇರೆ.

ಕೆಲಸದ ಕ್ರಮ ಹೀಗೆ. ಹಿಂದಿನ ಸಂಜೆ ಮಣ್ಣಿಗೆ ನೀರು ಬಿಟ್ಟು ನೆನೆಸುತ್ತಾರೆ. ಬೆಳಗಿನ ಜಾವ ತುಳಿದು ಹದ ಮಾಡುತ್ತಾರೆ. ಅಚ್ಚಿಗೆ ಮರಳು ಉದುರಿಸಿ ಮಣ್ಣಿನ ಮುದ್ದೆ ಎತ್ತಿ ಹೊಡೆದು, ಮೇಲಿನದನ್ನು ಸವರಿ, ನೆಲದ ಮೇಲೆ ಕವುಚುತ್ತಾರೆ. ಮರಳು ಕಡಿಮೆಯಾದರೆ ಮೂಲೆ ಅಚ್ಚಿಗೆ ಅಂಟಿಕೊಂಡು ಕಿತ್ತುಬರುತ್ತದೆ. ಒಂದೆರಡು ದಿನಕ್ಕೆ ಮಗ್ಗುಲು ತಿರುಗಿಸಿ, ಒಣಗಿದ ಮೇಲೆ ಗಾಳಿಯಾಡುವಂತೆ ಜೋಡಿಸಿ, ಆಮೇಲೆ ಗೂಡು. ಹಸಿ ಇಟ್ಟಿಗೆ ಒಂದು ಮೂರೂವರೆ ಕಿಲೋ ಅಂತ ಹಿಡಿಯಿರಿ; 500 ಕೊಯ್ದರೆ ಒಂದೂಮುಕ್ಕಾಲು ಟನ್ ಮಣ್ಣನ್ನು ಕುಕ್ಕರಗಾಲಲ್ಲಿ ಕುಳಿತೇ ಎತ್ತಿ ಇಳಿಸಿದ ಹಾಗೆ. ಪೆರುವಿನ ಲಿಮಾ ಹೊರವಲಯದಲ್ಲಿ 2002ರಲ್ಲಿ ಕಲಾವಿದ ಫ್ರಾನ್ಸಿಸ್ ಆಲೀಸ್ 500 ಸ್ವಯಂಸೇವಕರ ಕೈಗೆ ಸಲಿಕೆ ಕೊಟ್ಟು ಮರಳುದಿಣ್ಣೆಯನ್ನು ಸುಮಾರು 10 ಸೆಂ.ಮೀ. ಸರಿಸಿದ್ದನ್ನು ಇದರ ಜೊತೆಗೆ ಚರ್ಚಿಸಬಹುದು. ಅಲ್ಲಿ ಒಂದು ದಿನ, ಕೂಲಿಯಿಲ್ಲದೆ, ಇಷ್ಟಪಟ್ಟು. ಇಲ್ಲಿ ಐದಾರು ತಿಂಗಳು.

ಎಚ್ಚರ: ಇಟ್ಟಿಗೆ ಗೂಡಿಗೆ ಹೊರರಾಜ್ಯದಿಂದ ಸಂಸಾರ ಸಮೇತ ಮುಂಗಡ ಪಡೆದು ಬಂದವರು ಇರುತ್ತಾರೆ. ಮಾಲೀಕ ‘ಬನ್ನಿ, ಫೋಟೊ ತೆಗೆದುಕೊಳ್ಳಿ’ ಅಂದರೆ ಅದು ಕೆಲಸಗಾರರ ಒಪ್ಪಿಗೆ ಅಲ್ಲ. ಮೇಸ್ತ್ರಿ ಎದುರಿಗೆ ಕೇಳಿದ ಒಪ್ಪಿಗೆಯೂ ಒಪ್ಪಿಗೆಯಲ್ಲ. ಅವರ ಭಾಷೆ ಬಲ್ಲವರು ಒಬ್ಬರು ಜೊತೆಗಿರಬೇಕು. ಬಿಟ್ಟುಹೋಗಲು ಬಿಡುತ್ತಿಲ್ಲ ಅಂತ ಯಾರಾದರೂ ಹೇಳಿದರೆ ಅದು ಕಲಾಕೃತಿಗೆ ವಸ್ತು ಅಲ್ಲ. 1976ರ ಜೀತ ನಿರ್ಮೂಲನಾ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ದೂರು ಹೋಗಬೇಕು. ಮಕ್ಕಳು ಕೆಲಸದಲ್ಲಿ ಕಂಡರೆ ಮುಖದ ಫೋಟೊ ತೆಗೆಯುವಂತಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನು. ಶಿಬಿರ ಶುರುವಾಗುವ ಮೊದಲೇ ಇದನ್ನು ಯಾರು ಮಾಡುತ್ತಾರೆ ಅಂತ ಒಬ್ಬರನ್ನು ಗೊತ್ತುಮಾಡಿ. ಆ ಗಳಿಗೆಯಲ್ಲಿ ಚರ್ಚೆ ಮಾಡುತ್ತಾ ಕೂರಬಾರದು.

ಮಸಿಕೆಂಡ

ದಿಬ್ಬದ ಪುಡಿಯ ಬದಲು ಕೆರೆ ಹೂಳು ಮತ್ತು ಇಟ್ಟಿಗೆ ಚೂರಿನಿಂದ ಬಣ್ಣ ಮಾಡಿಸಿ. ವಿಧಾನ: ಇಟ್ಟಿಗೆ ಚೂರನ್ನು ಒದ್ದೆ ಮಾಡಿಯೇ ಕುಟ್ಟಬೇಕು, ಒಣದು ಕುಟ್ಟಿದರೆ ಧೂಳು ಏಳುತ್ತದೆ. ಒಂದು ಕಿಲೋ ಪುಡಿಗೆ ಐದು ಲೀಟರ್ ನೀರು ಹಾಕಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕದಡಿದ ನೀರನ್ನು ಎರಡನೇ ಬಕೆಟ್ಟಿಗೆ ಬಗ್ಗಿಸಿ. ಮರಳು ಮೊದಲನೆಯದರಲ್ಲೇ ನಿಲ್ಲುತ್ತದೆ. ಎರಡನೇ ಬಕೆಟ್ಟು ರಾತ್ರಿಯಿಡೀ ಅಲುಗಾಡದೆ ಇರಲಿ. ಬೆಳಿಗ್ಗೆ ತಿಳಿನೀರು ಚೆಲ್ಲಿ, ತಳದ ಗಸಿಯನ್ನು ಹಳೇ ಪಂಚೆಯಲ್ಲಿ ಸೋಸಿ ನೆರಳಲ್ಲಿ ಒಣಗಿಸಿ. ಕಿಲೋಗೆ ಎಷ್ಟು ಬಣ್ಣ ಸಿಗುತ್ತದೆ ಅನ್ನುವುದು ಮಣ್ಣಿನ ಮೇಲಿದೆ, ಹೂಳಿನಲ್ಲಿ ಹೆಚ್ಚು, ಇಟ್ಟಿಗೆಯಲ್ಲಿ ಕಡಿಮೆ.

ಅಂಟಿಗೆ ಗಮ್ ಅರೇಬಿಕ್ ಒಂದು ಪಾಲು, ಬಿಸಿನೀರು ಎರಡು ಪಾಲು. ರಾತ್ರಿ ನೆನೆಸಿ ಸೋಸಿ, 100 ಮಿ.ಲೀ.ಗೆ ಒಂದು ಚಮಚ ಜೇನುತುಪ್ಪ, ಬೂಸ್ಟು ಹಿಡಿಯದಂತೆ ಎರಡು ಹನಿ ಲವಂಗದ ಎಣ್ಣೆ. ಗಾಜಿನ ಮೇಲೆ ಅರೆಯಬೇಕು. ರುಬ್ಬುಗುಂಡಿನಲ್ಲಿ ಅರೆದರೆ ತರಿ ಉಳಿಯುತ್ತದೆ. ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಅಂಟು ಕಡಿಮೆ. ಹೊಳೆದು ಬಿರುಕು ಬಿಟ್ಟರೆ ಅಂಟು ಜಾಸ್ತಿ. ಬಣ್ಣ ಅರೆಯುವುದಕ್ಕೆ ಹಿಡಿದ ಗಂಟೆಗಳನ್ನೂ ಬರೆದಿಡಲಿ, ಶೀರ್ಷಿಕೆಗೆ ಬೇಕಾಗುತ್ತದೆ.

ಸಾಣೆಕಲ್ಲು

ಶಿವಾರಪಟ್ಟಣ ಬಿಡಬೇಡಿ, ಆದರೆ ಕೆತ್ತನೆ ಕಲಿಸಿ ಅಂತ ಕೇಳಬೇಡಿ. ಮೂರು ದಿನದಲ್ಲಿ ಮೂಗೂ ಬರುವುದಿಲ್ಲ. ಉಳಿ ಹದ ಮಾಡುವುದನ್ನು ಕಲಿಯಿರಿ. ಶಿಲ್ಪ ಎಲ್ಲರಿಗೂ ಕಾಣುತ್ತದೆ, ಅದರ ಹಿಂದಿನ ಕುಲುಮೆ ಕಾಣುವುದಿಲ್ಲ. ಯೂಕಲೀಸ್ ಹೇಳಿದ್ದೂ ಈ ತರಹದ ಕೆಲಸವನ್ನೇ ಅಲ್ಲವೇ?

ಉಕ್ಕಿನ ಉಳಿಯ ತುದಿಯನ್ನು ಕೆಂಪಗೆ ಕಾಯಿಸಿ ಬಡಿದು ಚೂಪು ಮಾಡಿ, ತುದಿಯಷ್ಟನ್ನೇ ನೀರಿಗೆ ಮುಟ್ಟಿಸುತ್ತಾರೆ. ಹಿಂದಿನ ಭಾಗದ ಬಿಸಿ ತುದಿಗೆ ಹರಿದು ಬರುವಾಗ ಉಜ್ಜಿದ ಜಾಗದಲ್ಲಿ ಬಣ್ಣ ಓಡುತ್ತದೆ: ಹುಲ್ಲಿನ ಹಳದಿ, ಕಂದು, ನೀಲಿ. ಯಾವ ಬಣ್ಣಕ್ಕೆ ಪೂರ್ತಿ ಅದ್ದಬೇಕು ಅನ್ನುವುದರಲ್ಲೇ ವಿದ್ಯೆ. ಬೇಗ ಅದ್ದಿದರೆ ಗಡಸಾಗಿ ತುದಿ ಸಿಡಿಯುತ್ತದೆ. ನೀಲಿ ದಾಟಿದ ಮೇಲೆ ಅದ್ದಿದರೆ ಮೆತ್ತಗಾಗಿ ಮೊಂಡಾಗುತ್ತದೆ. ಈಗ ಕಾರ್ಬೈಡ್ ತುದಿಯ ಉಳಿ, ಗ್ರೈಂಡರ್ ಬಂದು ಕುಲುಮೆಯ ಕೆಲಸ ಇಳಿದಿದೆ, ಧೂಳು ಮಾತ್ರ ಏರಿದೆ. ಒಣ ಗ್ರೈಂಡರ್ ಓಡುವಾಗ ಕರ್ಚೀಫು, ಬಟ್ಟೆ ಮಾಸ್ಕು ಉಪಯೋಗಕ್ಕಿಲ್ಲ. ಕನಿಷ್ಠ ಎನ್95, ಮುಖಕ್ಕೆ ಸರಿಯಾಗಿ ಕೂರಬೇಕು. ನೀರು ಹನಿಸಿ ಕೊಯ್ಯುವ ಕಡೆ ನಿಲ್ಲಿ. ಮಾಸ್ಕುಗಳನ್ನು 12 ಅಲ್ಲ, ಅಲ್ಲಿ ಕೆಲಸ ಮಾಡುವವರಿಗೂ ಸೇರಿಸಿ ತನ್ನಿ. ನೀವು ಮೂತಿ ಕಟ್ಟಿಕೊಂಡು, ಬರಿಮುಖದಲ್ಲಿ ಧೂಳು ಕುಡಿಯುವವರ ಫೋಟೊ ತೆಗೆಯುವುದು ಚೆನ್ನಾಗಿರುವುದಿಲ್ಲ.

ಬಿಚ್ಚಾಣಿಕೆ

ಒಂದೇ ಶಾಟ್ ಅಭ್ಯಾಸಕ್ಕೆ ಸೇರಿಸಿಕೊಳ್ಳಿ. ರೀಲಿಂಗ್ ಶೆಡ್ಡಿಗೆ ಹೋದ ತಕ್ಷಣ ಲೆನ್ಸಿನ ಮೇಲೆ ಹಬೆ ಕೂರುತ್ತದೆ, ಒರೆಸಿದರೆ ಮತ್ತೆ ಕೂರುತ್ತದೆ. ಕ್ಯಾಮೆರಾವನ್ನು ಜಿಪ್ ಹಾಕಿದ ಚೀಲದೊಳಗೇ 15–20 ನಿಮಿಷ ಇಡಿ, ಬೆಚ್ಚಗಾದ ಮೇಲೆ ತೆಗೆದರೆ ಹಬೆ ಕೂರುವುದಿಲ್ಲ. ಆ ಹೊತ್ತಿನಲ್ಲಿ ಸುಮ್ಮನೆ ನಿಂತು ನೋಡಿ, ಕೆಲಸ ಎಲ್ಲಿ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಅಂತ ಎಣಿಸಿ. ಎರಡು ನಿಮಿಷದ ಶಾಟ್ ಕೆಡುವುದು ಬಹುತೇಕ ಇಲ್ಲೇ: ಕೆಲಸದ ನಡುವೆ ಶುರುವಾಗಿ ನಡುವೆಯೇ ಮುಗಿಯುತ್ತದೆ. ಬಾಗಿಲ ಬಿಸಿಲು ಚೌಕಟ್ಟಿನೊಳಗಿದ್ದರೆ ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ದರೆ ಯಾರಾದರೂ ಹಾದುಹೋದಾಗೆಲ್ಲ ಚಿತ್ರ ಉಸಿರಾಡುತ್ತದೆ. ತೆಗೆದದ್ದನ್ನು ಅದೇ ದಿನ ಅವರಿಗೆ ತೋರಿಸಿ. ಮುಖ, ಕೈ, ದನಿ ಮೂರಕ್ಕೂ ಬೇರೆ ಬೇರೆ ಒಪ್ಪಿಗೆ ಕೇಳಿ. ಎರಡು ವಾರದೊಳಗೆ ಬೇಡ ಅಂದರೆ ಅಳಿಸುತ್ತೇವೆ ಅಂತ ಕನ್ನಡ, ಉರ್ದು, ತೆಲುಗಿನಲ್ಲಿ ಬರೆದುಕೊಡಿ, ಫೋನ್ ನಂಬರಿನ ಜೊತೆಗೆ. ಶಿಡ್ಲಘಟ್ಟದಲ್ಲಿ ಈ ಮೂರೂ ಬೇಕಾಗುತ್ತವೆ.

ಕೆರೆಹೂಳು

ಎಲ್ಲರಿಗೂ ವಂದನೆ. ತುಮಕೂರಿನ ಬೀಡಿ, ಶ್ರೀನಿವಾಸಪುರ ಬಿಟ್ಟೆವು. ಬೀಡಿ ದೂರ, ಮಾವಿನ ಮಂಡಿ ಬಿರುಸಾಗುವ ಹೊತ್ತಿಗೆ ಶಿಬಿರ ಮುಗಿದಿರುತ್ತದೆ. ಇಟ್ಟಿಗೆ ಮೊದಲ ವಾರ, ರೇಷ್ಮೆ ಎರಡನೇ ವಾರ, ಶಿವಾರಪಟ್ಟಣ ಮೂರು ದಿನ. ಕೆ.ಜಿ.ಎಫ್. ಒಂದೇ ದಿನ, ಬೆಳಗಿನ ರೈಲಿನ ಹೊತ್ತಿಗೆ.

ಲೆಕ್ಕ ಹೀಗಿದೆ. ಕಲಾವಿದರ ಭತ್ಯೆ 12 × 10,000 = 1,20,000. ಊಟ 15 ಜನಕ್ಕೆ 26 ದಿನ, ದಿನಕ್ಕೆ ₹180ರಂತೆ 70,200. ಅಡುಗೆಯವರು ಇಬ್ಬರು, ದಿನಕ್ಕೆ ₹900, ವಾರದ ರಜೆಗೂ ಕೂಲಿ ಸೇರಿ 46,800. ಛತ್ರ 65,000. ಕೆಲಸಗಾರರ ಸಮಯಕ್ಕೆ 40 ಆಳುದಿನ × 1,400 = 56,000. ಭಾಷಾ ಸಹಾಯಕರು ಇಬ್ಬರು, 14 ದಿನ, ₹1,200ರಂತೆ 33,600. ಟೆಂಪೊ ಟ್ರಾವೆಲರ್ 10 ದಿನ, 45,000. ಸಾಮಗ್ರಿ 12 × 4,000 = 48,000. ಹೊರಗಿನಿಂದ ಬರುವ ನಾಲ್ವರಿಗೆ 32,000. ಮಾಸ್ಕು, ಕೈಗವಸು, ಪ್ರಥಮ ಚಿಕಿತ್ಸೆ 12,000. ಪ್ರದರ್ಶನ, ಮುದ್ರಣ 35,000. ಒಟ್ಟು 5,63,600. ಉಳಿದ 36,400 ಆಕಸ್ಮಿಕಕ್ಕೆ.

ಹಾಜರಿಪುಸ್ತಕ

ಲೆಕ್ಕ ಕೂಡಿಸಿದ್ದು ಸರಿಯಾಗಿದೆ. ಒಬ್ಬರ ಕೂಲಿ ಮಾತ್ರ ಎಲ್ಲೂ ಇಲ್ಲ, ಅದನ್ನು ಬರೆದವರದ್ದು. ಜಾಗ ಹುಡುಕುವುದು, ಮಾಲೀಕರ ಹತ್ತಿರ ನಾಲ್ಕು ಸಲ ಅಲೆಯುವುದು, ಅರ್ಜಿ ಓದುವುದು, ಆಮೇಲೆ ಲೆಕ್ಕಪತ್ರ ಒಪ್ಪಿಸುವುದು ಸೇರಿ ಕಡಿಮೆಯೆಂದರೆ ನಾಲ್ಕು ತಿಂಗಳ ಅರೆಕಾಲಿಕ ಕೆಲಸ. ದುಡಿಮೆಯ ಬಗ್ಗೆ ಶಿಬಿರ ಮಾಡುವವರ ದುಡಿಮೆಯೇ ಪುಕ್ಕಟೆ ಅಂದರೆ ಯೂಕಲೀಸ್‌ಗೆ ಆದದ್ದೇ ಇಲ್ಲೂ ಆಯಿತು. ನ್ಯೂಯಾರ್ಕಿನಲ್ಲಿ ಡಬ್ಲ್ಯು.ಎ.ಜಿ.ಇ. ಅನ್ನುವ ಕಲಾವಿದರ ಗುಂಪು 2008ರಿಂದ ಕಲಾ ಸಂಸ್ಥೆಗಳ ಮುಂದೆ ಎತ್ತುತ್ತಿರುವುದೂ ಇದನ್ನೇ: ಗೋಡೆಗೆ ಬಣ್ಣ ಹೊಡೆಯುವವರಿಂದ ಹಿಡಿದು ಎಲ್ಲರ ಬಿಲ್ ಪಾಸಾಗುತ್ತದೆ, ಕಲಾವಿದರ ಸರದಿ ಬಂದಾಗ ‘ಅವಕಾಶ ಕೊಟ್ಟೆವಲ್ಲ’.

ಸರಿಪಡಿಸುವುದು ಕಷ್ಟವಿಲ್ಲ. 12ರ ಬದಲು 10 ಜನ ಮಾಡಿ. ಭತ್ಯೆಯಲ್ಲಿ 20,000, ಸಾಮಗ್ರಿಯಲ್ಲಿ 8,000, ಊಟದಲ್ಲಿ 9,360 ಉಳಿಯಿತು. ಗಾಡಿ 10 ದಿನದಿಂದ 7ಕ್ಕೆ ಇಳಿಸಿ, ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬಸ್ಸಿದೆ, 13,500. ಒಟ್ಟು 50,860. ಸಂಯೋಜಕರಿಗೆ 50,000 ಅಂತ ಒಂದು ಸಾಲು ಸೇರಿಸಿ, ನಾಚಿಕೆಪಡಬೇಡಿ.

ಮಸಿಕೆಂಡ

ಪ್ರದರ್ಶನ ಬೆಂಗಳೂರಿನ ಗ್ಯಾಲರಿಯಲ್ಲಿ ಮಾಡಿದರೆ 35,000 ಸಾಲದು, ನೋಡಬೇಕಾದವರು ಬರುವುದೂ ಇಲ್ಲ. ಛತ್ರದ ಅಂಗಳದಲ್ಲೇ ಮಾಡಿ, ಸಂಜೆ 7ರ ಮೇಲೆ, ಕೆಲಸ ಬಿಟ್ಟು ಸ್ನಾನ ಮುಗಿಸಿ ಬರುವ ಹೊತ್ತಿಗೆ. ವಿಡಿಯೊಗಳನ್ನು ತೆಗೆದ ಶೆಡ್ಡಿನ ಗೋಡೆಯ ಮೇಲೇ ಒಂದು ಸಂಜೆ ತೋರಿಸಬಹುದು, ಸುಣ್ಣದ ಗೋಡೆ ಒಳ್ಳೆಯ ಪರದೆ. ಪ್ರೊಜೆಕ್ಟರ್ ಹಬೆಯಿಂದ ದೂರ ಇರಲಿ, ಕರೆಂಟು ಹೋದರೆ ಅಂತ ಯುಪಿಎಸ್ ಇರಲಿ.

ಕೆಂಪಿಟ್ಟಿಗೆ

ಭೇಟಿಗಳೆಲ್ಲ ಬೆಳಗಿನ ಜಾವಕ್ಕೆ ಬಂದವು, ಸರಿ. ಮಾಲೂರಿಗೆ 6ಕ್ಕೆ ತಲುಪಬೇಕಾದರೆ ಛತ್ರ 4ಕ್ಕೇ ಬಿಡಬೇಕು. ಆ ಇಬ್ಬರು ಅಡುಗೆಯವರು ತಿಂಡಿಗೆ ಎಷ್ಟು ಗಂಟೆಗೆ ಏಳಬೇಕು? ₹900ರಲ್ಲಿ ರಾತ್ರಿ ಊಟ ಬಡಿಸಿ ಪಾತ್ರೆ ತೊಳೆಯುವವರೆಗೂ ಸೇರಿದೆಯೇ?

ಕೆರೆಹೂಳು

ಅದು ತಪ್ಪಿಹೋಗಿತ್ತು. ಬದಲಾವಣೆ: ಅಡುಗೆಯವರ ಕೆಲಸ ಬೆಳಿಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ. ಭೇಟಿಯ ದಿನ ಹೊರಡುವಾಗ ಬನ್ನು, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಟೀ. ಟೀ ಕಾಯಿಸುವುದು ಶಿಬಿರದವರ ಸರದಿ. ತಿಂಡಿ ವಾಪಸು ಬಂದ ಮೇಲೆ, ತಡವಾದರೆ ನೇರ ಊಟ. ರಾತ್ರಿಗೆ ಮಧ್ಯಾಹ್ನದ ಸಾರು, ಅನ್ನ ಮಾತ್ರ ಬಿಸಿಯಾಗಿ ಶಿಬಿರದವರೇ ಮಾಡುವುದು. ಪಾತ್ರೆಗೆ ಇಬ್ಬಿಬ್ಬರ ಪಾಳಿ. ಸರದಿ ಪಟ್ಟಿ ಅಡುಗೆಮನೆ ಬಾಗಿಲಿಗೆ ಅಂಟಿಸುತ್ತೇವೆ, ಸಂಯೋಜಕರ ಹೆಸರೂ ಅದರಲ್ಲಿರುತ್ತದೆ.